ಜೀರ್ಜಿಂಬೆ ಬೆಂಕಿಪೊಟ್ಟಣದಲ್ಲಿ ಮೊಟ್ಟೆ ಇಟ್ಟಿದೆ, ಏನು ಮಾಡಲಿ?

ಮಂಜುಳಾ:
ನಮ್ಮ ಹೊಲ ಹಿರಿಯೂರಿನ ಕಡೆ. ಮಳೆ ಬಿದ್ದ ಮೇಲೆ ಬದುವಿನ ಕರಿಜಾಲಿಯಲ್ಲಿ ಜೀರ್ಜಿಂಬೆಗಳು ಕಾಣಿಸಿಕೊಂಡಿವೆ. ಹಸಿರು ಮೈ, ರೆಕ್ಕೆ ಮೇಲೆ ಬಿಳಿ ಚುಕ್ಕಿ. ಮಗ ಒಂದನ್ನು ಬೆಂಕಿಪೊಟ್ಟಣದಲ್ಲಿಟ್ಟು ಜಾಲಿ ಸೊಪ್ಪು ಹಾಕಿದ್ದ. ಈಗ ನೋಡಿದರೆ ಒಳಗೆ ಮೊಟ್ಟೆ! ಪಕ್ಕದ ಹೊಲದವರು ಇವು ಮರ ಕೊರೆಯುವ ಹುಳು, ಔಷಧಿ ಹೊಡೀರಿ ಅಂತಾರೆ. ಮನೆಯ ತೊಲೆಗಳಿಗೂ ತೊಂದರೆ ಆಗುತ್ತಾ?

ಕರಿಬಸಪ್ಪ:
ದಯವಿಟ್ಟು ಔಷಧಿ ಹೊಡೀಬೇಡಿ ಮಂಜುಳಾ ಅವರೇ. ನೀವು ಹೇಳಿದ ಗುರುತು ನೋಡಿದರೆ ಇದು ಸ್ಟೆರ್ನೊಸೆರಾ ಸ್ಟೆರ್ನಿಕಾರ್ನಿಸ್. ಮರ ಕೊರೆಯುವ ಹುಳುಗಳ ಬ್ಯುಪ್ರೆಸ್ಟಿಡೇ ಕುಟುಂಬದ್ದೇ, ನಿಜ. ಆದರೆ ಇದರ ಮರಿ ಒಣ ಮರದ ತಂಟೆಗೆ ಬರಲ್ಲ. ಕಾಲಿಲ್ಲದ ಬಿಳಿ ಮರಿ, ಮಣ್ಣಿನೊಳಗೇ ಇದ್ದು ಜಾಲಿಯಂಥ ಗಿಡಗಳ ಹಸಿ ಬೇರು ತಿನ್ನುತ್ತೆ. ತೊಲೆಯ ಚಿಂತೆ ಬಿಡಿ.

ಇದರ ಆಯುಸ್ಸಿನಲ್ಲಿ ಜಾಸ್ತಿ ಪಾಲು ಮಣ್ಣಿನೊಳಗೇ ಕಳೆಯುತ್ತೆ. ಮಳೆಗಾಲದಲ್ಲಿ ಮೇಲೆ ಬಂದ ಮೇಲೆ ಉಳಿಯೋದು ಕೆಲವೇ ವಾರ. ಅಷ್ಟರಲ್ಲಿ ಸೊಪ್ಪು ತಿನ್ನಬೇಕು, ಜೋಡಿ ಹುಡುಕಬೇಕು, ಮೊಟ್ಟೆ ಇಡಬೇಕು. ಆ ವಾರಗಳನ್ನೇ ನಾವು ಡಬ್ಬಿಯಲ್ಲಿ ಮುಚ್ಚಿಡೋದು ನನಗೆ ತುಂಬಾ ಸಂಕಟ ಅನಿಸುತ್ತೆ. ಕುತ್ತಿಗೆಗೆ ದಾರ ಕಟ್ಟಿ ಹಾರಿಸೋದಂತೂ ಬೇಡವೇ ಬೇಡ.

ಮಗನಿಗೆ ಮರದಲ್ಲೇ ತೋರಿಸಿ. ಕೊಂಬೆ ಮೆಲ್ಲಗೆ ಅಲುಗಿಸಿದರೆ ಹುಳು ಕಾಲು ಮಡಚಿಕೊಂಡು ದೊಪ್ಪನೆ ಬಿದ್ದು ಸತ್ತಂತೆ ಮಲಗುತ್ತೆ. ಸುಮ್ನೆ ಕಾಯುತ್ತಾ ಕೂತರೆ ಮೊದಲು ಮೀಸೆ ಆಡಿಸುತ್ತೆ, ಆಮೇಲೆ ಕಾಲು ಚಾಚುತ್ತೆ. ಹತ್ತಿರದಿಂದ ನೋಡಿ, ರೆಕ್ಕೆ ತುಂಬಾ ಸಣ್ಣ ಸಣ್ಣ ಗುಳಿಗಳಿರುತ್ತವೆ.

ಮೊಟ್ಟೆಗಳನ್ನು ಅದೇ ಜಾಲಿ ಬುಡದ ಸಡಿಲ ಮಣ್ಣಲ್ಲಿಟ್ಟು ತೆಳ್ಳಗೆ ಮುಚ್ಚಿ. ತಾಯಿಹುಳುವೂ ಇಡೋದು ಮಣ್ಣಲ್ಲೇ.

ಶೈಲಜಾ:
ಕಸೂತಿ ಮಾಡುವವಳಾಗಿ ಒಂದು ಮಾತು. ಈ ಜಾತಿಯ ಹುಳುಗಳ ರೆಕ್ಕೆಯನ್ನು ಬಟ್ಟೆಗೆ ಹೊಲಿಯುವ ಕೆಲಸ ನಮ್ಮ ದೇಶದಲ್ಲಿ ಹಳೆಯದು. 1888ರಲ್ಲಿ ಲಂಡನ್ನಿನ ನಟಿ ಎಲೆನ್ ಟೆರ್ರಿ ಲೇಡಿ ಮ್ಯಾಕ್‌ಬೆತ್ ಪಾತ್ರಕ್ಕೆ ಹಾಕಿದ್ದ ಗೌನಿಗೂ ಇಂಥ ರೆಕ್ಕೆಗಳೇ. ಅದು ಈಗಲೂ ಹೊಳೆಯುತ್ತೆ. ಬಣ್ಣ ಹಚ್ಚಿದ್ದಾಗಿದ್ದರೆ ಮಾಸುತ್ತಿತ್ತು, ಅಲ್ವಾ? ರೆಕ್ಕೆಯ ತೆಳು ಪದರಗಳಿಂದ ಬೆಳಕು ಮರಳುವ ರೀತಿಯಿಂದಲೇ ಆ ಹಸಿರು.

ಮಂಜುಳಾ:
ಹುಳುವನ್ನು ಬಿಟ್ಟೆವು, ಮೊಟ್ಟೆಯನ್ನೂ ಮಣ್ಣಿಗೆ ಹಾಕಿದೆವು. ಅದೇ ಮರದಲ್ಲಿ ಕಂದು ರೆಕ್ಕೆ, ಹಸಿರು ಕತ್ತಿನದೂ ಒಂದಿದೆ. ಅದು ಗಂಡಾ?

ಕರಿಬಸಪ್ಪ:
ಅಲ್ಲ, ಅದು ಬೇರೆ ಜಾತಿಯೇ. ಸ್ಟೆರ್ನೊಸೆರಾ ಕ್ರೈಸಿಸ್. ಎರಡಕ್ಕೂ ಜಾಲಿ ಇಷ್ಟ. ಬದುವಿನ ಜಾಲಿ ಕಡಿಯಬೇಡಿ.