ನೌಕರರನ್ನು ಹೊರದೇಶಕ್ಕೆ ಕಳಿಸುವ ಪತ್ರದಲ್ಲಿ 'ನಿಯೋಜನೆ' ಸರಿಯೋ, 'ಎರವಲು ಸೇವೆ' ಸರಿಯೋ?

ಬಳಗದ ಎಲ್ಲರಿಗೂ ನಮಸ್ಕಾರ.

ಪೀಣ್ಯದ ಒಂದು ಯಂತ್ರ ತಯಾರಿಸುವ ಕಂಪನಿ ತನ್ನ ಫಿಟ್ಟರ್‌ಗಳನ್ನು ಜರ್ಮನಿಯಲ್ಲಿರುವ ತನ್ನದೇ ಗುಂಪಿನ ಕಂಪನಿಗೆ ಎರಡು ವರ್ಷದ ಮಟ್ಟಿಗೆ ಕಳಿಸುತ್ತಿದೆ. ಪತ್ರ ಕನ್ನಡದಲ್ಲೂ ಬೇಕು ಅಂತ ಅವರು ಕೇಳಿದ್ದಾರೆ, ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಇಂಗ್ಲಿಷ್ ಪತ್ರದಲ್ಲಿ 'ಸೆಕಂಡ್‌ಮೆಂಟ್' ಅಂತಿದೆ, ಅಂದರೆ ಇಲ್ಲಿನ ನೌಕರರಾಗಿಯೇ ಉಳಿದು ಕೆಲವು ಕಾಲ ಬೇರೆ ಕಂಪನಿಯಲ್ಲಿ ದುಡಿಯುವುದು. ಇದಕ್ಕೆ ಏನು ಹಾಕೋಣ?

ಮೊದಲು ಹೊಳೆಯೋದು 'ನಿಯೋಜನೆ'. ಸರ್ಕಾರಿ ಕಚೇರಿಗಳಲ್ಲಿ 'ನಿಯೋಜನೆ ಮೇರೆಗೆ' ಅಂದರೆ ಡೆಪ್ಯುಟೇಶನ್ ಅಂತ ಎಲ್ಲರಿಗೂ ಗೊತ್ತು. ಆದರೆ ಈ ಪದದ ಮೇಲೆ ಹೊರೆ ಜಾಸ್ತಿ. ಶಿಕ್ಷಕರನ್ನು ಚುನಾವಣೆ ಕೆಲಸಕ್ಕೆ ಹಾಕಿದರೂ ನಿಯೋಜನೆ, ಬಂದೋಬಸ್ತಿಗೆ ಪೊಲೀಸರನ್ನು ನಿಲ್ಲಿಸಿದರೂ ನಿಯೋಜನೆ. ಕಾರ್ಮಿಕ ಕಾನೂನಿನ ಕನ್ನಡದಲ್ಲಂತೂ ಕೆಲಸಕ್ಕೆ ಇಟ್ಟುಕೊಳ್ಳುವುದೇ ನಿಯೋಜನೆ, ಇಟ್ಟುಕೊಂಡವರು 'ನಿಯೋಜಕರು'. 'ನಿಮ್ಮನ್ನು ಜರ್ಮನಿಯ ಕಂಪನಿಯಲ್ಲಿ ನಿಯೋಜಿಸಲಾಗಿದೆ' ಅಂತ ಬರೆದರೆ ನಿಯೋಜಕರು ಯಾರು? ಪೀಣ್ಯದವರೋ, ಅಲ್ಲಿಯವರೋ?

ಕಾನೂನಿನ ತಕರಾರೆಲ್ಲ ಇದೇ ಪ್ರಶ್ನೆಯ ಸುತ್ತ ಇದೆ. ಪಿಎಫ್ ವಿಷಯವನ್ನೇ ನೋಡಿ. ಭಾರತ ಮತ್ತು ಜರ್ಮನಿಯ ಸಾಮಾಜಿಕ ಭದ್ರತೆ ಒಪ್ಪಂದ 2017ರಿಂದ ಜಾರಿಯಲ್ಲಿದೆ. ಇಲ್ಲಿನ ಕಂಪನಿಯ ನೌಕರರಾಗಿಯೇ ಹೋದವರಿಗೆ ಇಲ್ಲಿ ಪಿಎಫ್ ಮುಂದುವರಿಯುತ್ತದೆ. ಪಿಎಫ್ ಕಚೇರಿಯಿಂದ ಕವರೇಜ್ ಸರ್ಟಿಫಿಕೇಟ್ (ಇವರ ಪಿಎಫ್ ಇಲ್ಲಿ ನಡೆಯುತ್ತಿದೆ ಅನ್ನುವ ಪ್ರಮಾಣಪತ್ರ) ತಗೊಂಡರೆ 48 ತಿಂಗಳವರೆಗೆ ಅಲ್ಲಿ ಪಿಂಚಣಿ ವಂತಿಗೆ ಕಟ್ಟಬೇಕಿಲ್ಲ. ಅಲ್ಲಿಯ ಕಂಪನಿಯೇ ಹೊಸದಾಗಿ ಕೆಲಸಕ್ಕೆ ತಗೊಂಡಿದ್ದರೆ ಈ ವಿನಾಯಿತಿ ಇಲ್ಲ. (ಅಲ್ಲಿನ ಕನಿಷ್ಠ ವೇತನದ ನಿಯಮವಂತೂ ಸಂಬಳ ಯಾರೇ ಕೊಡಲಿ, ಅನ್ವಯ.)

2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರಿನ ನಾರ್ದರ್ನ್ ಆಪರೇಟಿಂಗ್ ಸಿಸ್ಟಮ್ಸ್ ಕಂಪನಿಯ ಮೊಕದ್ದಮೆಯಲ್ಲಿ ನಿಯೋಜಕರು ಯಾರು ಅನ್ನುವ ಇದೇ ಪ್ರಶ್ನೆಯನ್ನು ಜಾಲಾಡಿತು. ಅಲ್ಲಿ ದಿಕ್ಕು ಮಾತ್ರ ತಿರುಗಾಮುರುಗಾ, ಹೊರದೇಶದ ಗುಂಪು ಕಂಪನಿಯಿಂದ ಜನ ಇಲ್ಲಿಗೆ ಬಂದಿದ್ದರು. ಕೆಲಸ ಹೇಳುತ್ತಿದ್ದವರು ಬೆಂಗಳೂರಿನವರು. ಆದರೆ ಸಂಬಳದ ಪಟ್ಟಿ ಹೊರದೇಶದ್ದು, ಅವಧಿ ಮುಗಿದ ಮೇಲೆ ಅವರು ಮರಳುವುದೂ ಅಲ್ಲಿಗೇ. ಹಾಗಾಗಿ ಕೆಲಸ ಕೊಟ್ಟವರು ಹೊರದೇಶದ ಕಂಪನಿಯವರೇ, ಅವರು ಮಾಡಿದ್ದು ಜನರನ್ನು ಒದಗಿಸುವ ಸೇವೆ, ಅದಕ್ಕೆ ಬೆಂಗಳೂರಿನ ಕಂಪನಿ ಸರ್ವಿಸ್ ಟ್ಯಾಕ್ಸ್ ಕಟ್ಟಬೇಕು ಅಂತ ತೀರ್ಪಾಯಿತು. ಕರಾರಿನ ಒಕ್ಕಣೆಗಿಂತ ನಿಜವಾಗಿ ನಡೆದದ್ದೇನು ಅನ್ನುವುದಕ್ಕೆ ಕೋರ್ಟು ಬೆಲೆ ಕೊಟ್ಟಿತು.

ಹಾಗಾದರೆ ಪದಕ್ಕೆ ಯಾಕೆ ಇಷ್ಟು ತಲೆಬಿಸಿ ಅಂತ ಕೇಳಬಹುದು. ಈ ಪತ್ರ ಓದುವವರು ಜಡ್ಜ್ ಅಲ್ಲ, ಫಿಟ್ಟರ್. ಪೀಣ್ಯದಲ್ಲಿ ತಮ್ಮ ಕೆಲಸ ಉಳಿದಿದೆಯಾ ಅನ್ನೋದು ಅವರಿಗೆ ಓದಿದ ಕೂಡಲೇ ತಿಳಿಯಬೇಕು.

ನನ್ನ ಒಲವು 'ಎರವಲು ಸೇವೆ' ಕಡೆಗೆ. ಇದೂ ಸರ್ಕಾರಿ ಆದೇಶಗಳಲ್ಲಿ ಓಡಾಡುವ ಮಾತೇ. ಎರವಲು ಅಂದ ಕೂಡಲೇ ಕೊಟ್ಟವರು, ಪಡೆದವರು, ವಾಪಸು ಬರುವ ದಿನ ಎಲ್ಲ ಅದರೊಳಗೇ ಬಂದುಬಿಡುತ್ತವೆ. ಜೊತೆಗೆ ಕಳಿಸಿಕೊಟ್ಟ ಪೀಣ್ಯದ ಕಂಪನಿಗೆ 'ಮಾತೃ ಸಂಸ್ಥೆ' ಅಂತ ಹಾಕಿದರೆ ಯಾರು ಯಾರ ನೌಕರ ಅನ್ನೋ ಗೊಂದಲ ಇರದು. ಗೆಳೆಯರೊಬ್ಬರು ಮಾತ್ರ 'ಮನುಷ್ಯರನ್ನು ಎರವಲು ಕೊಡ್ತಾರೇನ್ರೀ?' ಅಂತ ಮುಖ ಸಿಂಡರಿಸಿದರು. ಎರವಲು ಹೋಗುವುದು ಸೇವೆ, ಆಳಲ್ಲ ಅಂತ ನನ್ನ ವಾದ. ಅವರು ಒಪ್ಪಿಲ್ಲ.

'ವರ್ಗಾವಣೆ' ಬೇಡವೇ ಬೇಡ, ಅದು ವಾಪಸಾಗುವ ಮಾತೇ ಎತ್ತುವುದಿಲ್ಲ. 'ಆನ್‌ಸೈಟ್' ಐಟಿಯವರ ಬಾಯಲ್ಲಿ ಸಲೀಸು, ಆದರೆ ಕೆಲಸ ಎಲ್ಲಿ ಅಂತ ಹೇಳುತ್ತದೆ, ಯಾರ ಕೈಕೆಳಗೆ ಅಂತ ಹೇಳುವುದಿಲ್ಲ.

ಇನ್ನೊಂದು ಸಣ್ಣ ಪ್ರಶ್ನೆ. ಬಂದ ಮೇಲೆ ಹಳೆಯ ಹುದ್ದೆಗೇ ಸೇರುವ ಹಕ್ಕಿಗೆ 'ಲಿಯನ್' ಅಂತಾರೆ. ಬ್ಯಾಂಕಿನಲ್ಲಿ ಅದೇ ಲಿಯನ್ ಅಂದರೆ ಖಾತೆಯ ದುಡ್ಡು ತಡೆಹಿಡಿಯೋದು, ಅಲ್ವಾ? ಅದಕ್ಕೇ ಸದ್ಯಕ್ಕೆ 'ಹುದ್ದೆಗೆ ಮರಳುವ ಹಕ್ಕು' ಅಂತ ಬಿಡಿಸಿ ಬರೆದಿದ್ದೇನೆ. ಕಾರ್ಖಾನೆ, ನಿಗಮಗಳಲ್ಲಿ ಕನ್ನಡದಲ್ಲಿ ಆದೇಶ ಬರೆದವರು ಇಲ್ಲಿದ್ದೀರಿ. ಇದಕ್ಕಿಂತ ಚಿಕ್ಕ ಪದ ಬಳಸಿದ್ದರೆ, ಆ ಇಡೀ ಸಾಲನ್ನೇ ಹಾಕಿ.