ಎಲ್‌ಸಿ ಸಿಕ್ಕ ಮೇಲೂ ಅರ್ಥಿಂಗ್ ಏಕೆ?

ಪ್ರಶ್ನೆ (ಕಿರಿಯ ಪವರ್‌ಮ್ಯಾನ್, ಹೊಸನಗರ ತಾಲ್ಲೂಕು):
ಮಾನ್ಯರೇ, ನಾನು ಕೆಲಸಕ್ಕೆ ಸೇರಿ ಎರಡು ಮಳೆಗಾಲ ಕಳೆದಿವೆ. ಈಚೆಗೆ ಮರ ಬಿದ್ದು ತುಂಡಾದ 11 ಕೆವಿ (11,000 ವೋಲ್ಟ್) ತಂತಿಯನ್ನು ಜೋಡಿಸಲು ಹೋದಾಗ, ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನು ಆಫ್ ಆಗಿದೆ, ಕೆಲಸ ಮಾಡಬಹುದು ಎಂಬ ಅನುಮತಿ) ಪಡೆದು ಜಿಒಎಸ್ (ಮೂರೂ ತಂತಿಗಳನ್ನು ಒಟ್ಟಿಗೆ ಬೇರ್ಪಡಿಸುವ ಕಂಬದ ಸ್ವಿಚ್) ತೆರೆದಿದ್ದೆವು. ಅರ್ಥಿಂಗ್ ರಾಡ್ (ತಪ್ಪಿ ಬಂದ ಕರೆಂಟನ್ನು ನೆಲಕ್ಕಿಳಿಸಲು ತಂತಿಗೆ ಸಿಕ್ಕಿಸುವ ಸಾಧನ) ಬೇರೆ ಜೀಪಿನಲ್ಲಿತ್ತು. ಕತ್ತಲಾಗುತ್ತಿದೆ, ಕಂಬ ಹತ್ತು ಎಂದು ಹಿರಿಯರೊಬ್ಬರು ಒತ್ತಾಯಿಸಿದರೂ ನಾನು ಹತ್ತಲಿಲ್ಲ. ರಾಡ್ ಬರಲು ಮುಕ್ಕಾಲು ಗಂಟೆ ಹಿಡಿಯಿತು, ಬೈಗುಳವೂ ಸಿಕ್ಕಿತು. "ಫೀಡರೇ (ಸಬ್‌ಸ್ಟೇಷನ್‌ನಿಂದ ಬರುವ ಲೈನೇ) ಆಫ್ ಆಗಿರುವಾಗ ಕರೆಂಟ್ ಬರುವುದಾದರೂ ಎಲ್ಲಿಂದ?" ಎಂಬ ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ (ನಿವೃತ್ತ ವಿದ್ಯುತ್ ಎಂಜಿನಿಯರ್, ಸಾಗರ):
ನೀವು ಕಾದದ್ದೇ ಸರಿ. ಎಲ್‌ಸಿ ಎಂದರೆ ಸಬ್‌ಸ್ಟೇಷನ್‌ನ ಕಡೆಯಿಂದ ವಿದ್ಯುತ್ ಬಿಡುವುದಿಲ್ಲ ಎಂಬ ಮಾತು ಮಾತ್ರ; ಉಳಿದ ದಾರಿಗಳಿಗೆ ಅದು ಅಡ್ಡ ಬರುವುದಿಲ್ಲ.

ನಮ್ಮ ಸೀಮೆಯಲ್ಲಿ ನಾನು ಹೆಚ್ಚು ಅಂಜುವುದು ಮನೆಗಳ ಜನರೇಟರಿಗೆ. ತೋಟದ ಮನೆಯವರು ಜನರೇಟರನ್ನು ಗೋಡೆಯ ಸಾಕೆಟ್‌ಗೆ ಸಿಕ್ಕಿಸಿ, ಮೇನ್ ಸ್ವಿಚ್ ಆಫ್ ಮಾಡಲು ಮರೆತರೆ, ಆ 230 ವೋಲ್ಟ್ ಸರ್ವಿಸ್ ವಯರಿನ ಮೂಲಕ ಟಿಸಿಗೆ (ಊರಿನ ಟ್ರಾನ್ಸ್‌ಫಾರ್ಮರಿಗೆ) ತಲುಪುತ್ತದೆ. 11,000 ವೋಲ್ಟನ್ನು ಇಳಿಸುವ ಅದೇ ಟ್ರಾನ್ಸ್‌ಫಾರ್ಮರ್ ಆಗ ಹಿಮ್ಮುಖವಾಗಿ ಕೆಲಸ ಮಾಡಿ, ಎಚ್‌ಟಿ (ಹೆಚ್ಚು ವೋಲ್ಟೇಜಿನ) ತಂತಿಯಲ್ಲಿ ಸುಮಾರು 10,000 ವೋಲ್ಟ್ ಎಬ್ಬಿಸಬಲ್ಲದು. ಪೇಟೆಯಲ್ಲಾದರೆ ಅಕ್ಕಪಕ್ಕದ ಮನೆಗಳ ಹೊರೆ ತಾಳಲಾರದೆ ಸಣ್ಣ ಜನರೇಟರ್ ಕೂಡಲೇ ನಿಂತುಬಿಡುತ್ತದೆ; ಆದರೆ ಒಂದು ಟಿಸಿಗೆ ನಾಲ್ಕೈದೇ ಮನೆಗಳಿರುವ, ತಂತಿಯೂ ಹತ್ತಿರದಲ್ಲೇ ತುಂಡಾಗಿರುವ ಮಲೆನಾಡಿನ ಮೂಲೆಯಲ್ಲಿ ಅದು ಓಡುತ್ತಲೇ ಇರಬಹುದು.

ಎರಡನೆಯ ದಾರಿ ಜಿಒಎಸ್‌ನದೇ. ಹಿಡಿಕೆ ಎಳೆದ ಮಾತ್ರಕ್ಕೆ ಮೂರು ಬ್ಲೇಡುಗಳೂ ಬಿಟ್ಟವೆಂದು ನಂಬಬೇಡಿ. ತುಕ್ಕು ಹಿಡಿದ ಒಂದು ಬ್ಲೇಡು ಕಚ್ಚಿಕೊಂಡೇ ಉಳಿಯಬಹುದು. ಕತ್ತಲಿದ್ದರೆ ಟಾರ್ಚ್ ಬಿಟ್ಟು ಮೂರೂ ಕಡೆಯ ಅಂತರವನ್ನು ನೋಡಿ, ಹಿಡಿಕೆಗೆ ಬೀಗ ಹಾಕಿ, ಬೀಗದ ಕೈ ನಿಮ್ಮ ಜೇಬಿನಲ್ಲಿರಲಿ. ದೊಡ್ಡ ಗಾಳಿ ಬೀಸಿದ ದಿನ ಒಂದೇ ಫೀಡರಿನಲ್ಲಿ ಎರಡು ಮೂರು ತಂಡಗಳು ಕೆಲಸ ಮಾಡುತ್ತಿರುತ್ತವೆ. ಪ್ರತಿ ತಂಡವೂ ತನ್ನದೇ ಎಲ್‌ಸಿಯನ್ನು ಬರಹದಲ್ಲಿ ಪಡೆಯದೆ ಇನ್ನೊಬ್ಬರ ಎಲ್‌ಸಿಯ ಆಸರೆಯಲ್ಲಿ ಕಂಬ ಹತ್ತಿದರೆ, ಅವರು ಅದನ್ನು ಹಿಂದಿರುಗಿಸಿದ ಕ್ಷಣ ನಿಮ್ಮ ತಂತಿಗೂ ವಿದ್ಯುತ್ ಬರುತ್ತದೆ. ಸಿಡಿಲು, ದಾಟಿಹೋಗುವ ಬೇರೆ ಲೈನು, ಪಕ್ಕದ ಲೈನಿನ ಪ್ರೇರಣೆ (ಮುಟ್ಟದೆಯೇ ನಿಮ್ಮ ತಂತಿಯಲ್ಲಿ ಹುಟ್ಟುವ ವೋಲ್ಟೇಜ್) ಇವೂ ಇವೆ.

ಅರ್ಥಿಂಗ್‌ಗೆ ಮೊದಲು ತಂತಿಯಲ್ಲಿ ವಿದ್ಯುತ್ ಇದೆಯೇ ಎಂದು ಡಿಟೆಕ್ಟರಿನಿಂದ ಪರೀಕ್ಷಿಸಬೇಕು; ಪರೀಕ್ಷೆಯ ಮುಂಚೆಯೂ ಆಮೇಲೂ ಆ ಡಿಟೆಕ್ಟರೇ ಸರಿಯಿದೆಯೇ ಎಂದು ನೋಡಬೇಕು. ಬಳಿಕ ರಾಡಿನ ನೆಲದ ತುದಿಯನ್ನು ಮೊದಲು ಬಿಗಿದು, ಅನಂತರವೇ ಮೂರೂ ತಂತಿಗಳಿಗೆ ಕೊಕ್ಕೆ ಹಾಕಬೇಕು. ಬಿಚ್ಚುವಾಗ ಇದೇ ಕ್ರಮ ತಿರುವುಮುರುವು. ತಂತಿ ತುಂಡಾಗಿರುವುದರಿಂದ ಕೆಲಸದ ಜಾಗದ ಎರಡೂ ಬದಿಗೆ ಅರ್ಥಿಂಗ್ ಬೇಕು, ಏಕೆಂದರೆ ಒಂದು ಬದಿಯದು ಇನ್ನೊಂದು ತುಂಡನ್ನು ಕಾಯುವುದಿಲ್ಲ. ಎಲ್‌ಟಿ (ಕಡಿಮೆ ವೋಲ್ಟೇಜಿನ) ಕೆಲಸದ ಕೈಗವಸು 11 ಕೆವಿಗೆ ಸಾಲದು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ (ಅಡಿಕೆ ಬೆಳೆಗಾರ, ತೀರ್ಥಹಳ್ಳಿ):
ಸರ್, ಸಾಕೆಟ್‌ಗೆ ಸಿಕ್ಕಿಸುವವರಲ್ಲಿ ನಾನೂ ಒಬ್ಬ. ಮೇನ್ ತಪ್ಪದೆ ಆಫ್ ಮಾಡುತ್ತೇನೆ. ಅಷ್ಟು ಸಾಲದೇ?

ಉತ್ತರ:
ಸಾಲದು. ನೀವು ಮರೆಯದಿದ್ದರೂ ನೀವಿಲ್ಲದ ದಿನ ಮನೆಯವರು ಮರೆಯಬಹುದು. ಅಲ್ಲದೆ ಪ್ಲಗ್ ಕಳಚಿದರೆ ಅದರ ಪಿನ್ನುಗಳಲ್ಲೇ ವಿದ್ಯುತ್ ಇರುತ್ತದೆ, ಮಕ್ಕಳಿರುವ ಮನೆಯಲ್ಲಿ ಇದು ಬೇರೆಯದೇ ಅಪಾಯ. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಬೇರ್ಪಡಿಸುವ ಚೇಂಜ್‌ಓವರ್ ಸ್ವಿಚ್ಚನ್ನು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್‌ನಿಂದ ಹಾಕಿಸಿ; ಆಗ ಲೈನು ಮತ್ತು ಜನರೇಟರ್ ಒಂದೇ ಹೊತ್ತಿಗೆ ಕೂಡಲು ದಾರಿಯೇ ಇರುವುದಿಲ್ಲ.

ನೀವು ಬೆಳೆಗಾರರಾದ್ದರಿಂದ ಇನ್ನೊಂದು ಮಾತು. ಕೊಯ್ಲಿಗೆ ಈಗ ಬಳಸುವ ಕಾರ್ಬನ್ ಫೈಬರ್ ದೋಟಿ ಅಲ್ಯೂಮಿನಿಯಂನಂತೆ ಲೋಹವಲ್ಲವೆಂದು ಧೈರ್ಯ ತಾಳುವವರಿದ್ದಾರೆ. ಕಾರ್ಬನ್ ಕೂಡ ವಿದ್ಯುತ್ತನ್ನು ಹರಿಯಬಿಡುತ್ತದೆ, ನೆನೆದ ಬಿದಿರಿನ ಗಳವೂ ಅಷ್ಟೇ. ತೋಟದ ಮೇಲೆ ಲೈನು ಹಾದಿದ್ದರೆ ಆ ಸಾಲಿನ ಕೊಯ್ಲಿಗೆ ಮೊದಲು ಶಾಖಾ ಕಚೇರಿಗೆ ತಿಳಿಸಿ ಲೈನು ಆಫ್ ಮಾಡಿಸಿಕೊಳ್ಳಿ. ದೋಟಿ ತಂತಿಗೆ ಸಿಕ್ಕಿಕೊಂಡರೆ ಬಿಡಿಸಲು ಹೋಗದೆ, ದೂರ ಸರಿದು ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ.