ಕ್ಲೇಮ್ ಟೇಬಲ್ಲಿನ ಕೆಲಸ: ಸೇರಬಹುದಾ ಮೇಡಂ?

ಪ್ರಶ್ನೆ: ನಮಸ್ತೆ ಮೇಡಂ. ನಾನು ದಾವಣಗೆರೆಯವಳು. ಬಿಎಎಂಎಸ್ ಮುಗಿಸಿ ನರ್ಸಿಂಗ್ ಹೋಮ್ ಒಂದರಲ್ಲಿ ಡ್ಯೂಟಿ ಡಾಕ್ಟರ್ ಆಗಿದ್ದೀನಿ, ರಾತ್ರಿ ಪಾಳಿ ಮಾಡಿ ಮಾಡಿ ಸಾಕಾಗಿದೆ. ಬೆಂಗಳೂರಿನ ಆರೋಗ್ಯ ವಿಮಾ ಕಂಪನಿಯೊಂದರಿಂದ ಕ್ಲೇಮ್ಸ್ ಮೆಡಿಕಲ್ ಆಫೀಸರ್ ಅಂತ ಆಫರ್ ಬಂದಿದೆ, ಆಸ್ಪತ್ರೆ ಬಿಲ್ಲಿನ ಫೈಲು ಓದಿ ವಿಮೆಯ ದುಡ್ಡು ಕೊಡಬಹುದಾ ಅಂತ ನೋಡೋ ಕೆಲಸ. ಸ್ನೇಹಿತರು "ಕೂತು ಮಾಡೋ ಕೆಲಸ, ಆರಾಮ" ಅಂತಾರೆ. ಅಪ್ಪ ಮಾತ್ರ "ಡಾಕ್ಟರ್ ಓದಿ ಜನರ ದುಡ್ಡು ತಡೆಯೋಕೆ ಹೋಗ್ತೀಯಾ" ಅಂತ ಬೇಜಾರು ಮಾಡ್ಕೊಂಡಿದ್ದಾರೆ. ನೀವು ಅದೇ ಕೆಲಸದಲ್ಲಿದ್ದೀರಲ್ಲ, ಹೇಗಿದೆ?

ಉತ್ತರ: ಕೂತು ಮಾಡೋದು ಹೌದು, ಆರಾಮ ಅಲ್ಲ ಡಾಕ್ಟ್ರೇ.

ಮೊದಲು ಎಚ್‌ಆರ್‌ನವರನ್ನ ಒಂದು ವಿಷಯ ಕೇಳಿ: ಹಾಕೋದು ಕ್ಯಾಶ್‌ಲೆಸ್‌ಗಾ (ಕಂಪನಿಯೇ ಆಸ್ಪತ್ರೆಗೆ ನೇರ ದುಡ್ಡು ಕಟ್ಟೋದು), ರೀಇಂಬರ್ಸ್‌ಮೆಂಟಿಗಾ (ರೋಗಿ ಮೊದಲು ಕಟ್ಟಿ ಆಮೇಲೆ ವಾಪಸ್ ಪಡೆಯೋದು)? ಹುದ್ದೆಯ ಹೆಸರು ಒಂದೇ ಇದ್ದರೂ ದಿನಚರಿ ಒಂದೇ ಅಲ್ಲ. ರೀಇಂಬರ್ಸ್‌ಮೆಂಟಲ್ಲಿ ಸಮಾಧಾನವಾಗಿ ಕಾಗದ ಓದಬಹುದು. ಕ್ಯಾಶ್‌ಲೆಸ್ ಡೆಸ್ಕ್ 24 ಗಂಟೆಯೂ ನಡೆಯುತ್ತೆ, ಅಂದ್ರೆ ನೀವು ಬಿಟ್ಟು ಓಡ್ತಿರೋ ರಾತ್ರಿ ಪಾಳಿ ಅಲ್ಲೂ ಸಿಗಬಹುದು.

ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐನ 2024ರ ಮೇ ಸುತ್ತೋಲೆ ಪ್ರಕಾರ ಕ್ಯಾಶ್‌ಲೆಸ್‌ನಲ್ಲಿ ಪ್ರೀ-ಆಥ್ ಕೋರಿಕೆಗೆ (ಚಿಕಿತ್ಸೆಗೆ ಮುಂಚಿತ ಒಪ್ಪಿಗೆ ಕೇಳೋದು) 1 ಗಂಟೆಯೊಳಗೆ ಉತ್ತರ ಕೊಡಬೇಕು, ಡಿಸ್ಚಾರ್ಜ್ ಬಿಲ್ಲಿಗೆ 3 ಗಂಟೆಯೊಳಗೆ ಅಂತಿಮ ಒಪ್ಪಿಗೆ ಹೋಗಬೇಕು. ನಾವು ತಡ ಮಾಡಿ ಆಸ್ಪತ್ರೆ ಹೆಚ್ಚಿಗೆ ಬಿಲ್ ಮಾಡಿದರೆ ಆ ಹೆಚ್ಚುವರಿ ದುಡ್ಡು ಕಂಪನಿಯ ಷೇರುದಾರರ ನಿಧಿಯಿಂದ ಹೋಗುತ್ತೆ. ಹಾಗಾಗಿ ಮ್ಯಾನೇಜರ್ ಕಣ್ಣೆಲ್ಲ ಗಡಿಯಾರದ ಮೇಲೆ. ಮಧ್ಯಾಹ್ನ ರೌಂಡ್ಸ್ ಮುಗಿದ ಮೇಲೆ ಆಸ್ಪತ್ರೆಗಳೆಲ್ಲ ಫೈನಲ್ ಬಿಲ್ಲನ್ನ ಒಟ್ಟೊಟ್ಟಿಗೆ ಕಳಿಸ್ತವೆ. ಡಿಸ್ಚಾರ್ಜ್ ಸಮರಿ ತೆಗೆದ್ರೆ ಕಾಯಿಲೆ ಯಾವಾಗಿನಿಂದ ಅಂತಲೇ ಬರೆದಿರಲ್ಲ. ಆಸ್ಪತ್ರೆಗೆ ಕ್ವೆರಿ (ವಿವರಣೆ ಕೇಳಿ ಪ್ರಶ್ನೆ) ಹಾಕಿದ್ರೆ ಬಟ್ಟೆಬರೆ ಕಟ್ಕೊಂಡು ಕೂತಿರೋ ರೋಗಿ ಇನ್ನಷ್ಟು ಹೊತ್ತು ಕಾಯ್ಬೇಕು, ಹಾಕದೆ ಪಾಸ್ ಮಾಡಿದ್ರೆ ನಾಳೆ ಆಡಿಟ್‌ನವರಿಗೆ ಉತ್ತರ ಹೇಳ್ಬೇಕು.

ಅಪ್ಪನಿಗೆ ಇದನ್ನ ಹೇಳಿ: ನಮ್ಮ ಕೈಯಲ್ಲಿ ಪಾಸ್ ಆಗೋ ಫೈಲುಗಳೇ ಜಾಸ್ತಿ. ಡೆಂಗಿ, ಅಪೆಂಡಿಕ್ಸ್, ಕಣ್ಣಿನ ಪೊರೆ, ಇವೆಲ್ಲ ಸಲೀಸಾಗಿ ಹೋಗ್ತವೆ. ನಿದ್ದೆ ಕೆಡಿಸೋವು ಬೇರೆ. ಐವತ್ತು ದಾಟಿದ ಮನುಷ್ಯ, ಎದೆನೋವು. ಕೇಸ್ ಶೀಟಲ್ಲಿ "10 ವರ್ಷದಿಂದ ಬಿಪಿ, ಶುಗರ್" ಅಂತಿದೆ. ಪಾಲಿಸಿ ಮೊನ್ನೆಮೊನ್ನೆಯದು, ಪಾಲಿಸಿ ತಗೊಳ್ಳುವಾಗ ತುಂಬೋ ಪ್ರಪೋಸಲ್ ಫಾರ್ಮಲ್ಲಿ ಕಾಯಿಲೆಯ ಪ್ರಶ್ನೆ ಎಲ್ಲಕ್ಕೂ "ಇಲ್ಲ". ಮನೆಯವರು "ಏಜೆಂಟ್‌ಗೆ ಹೇಳಿದ್ವಿ, ಅದೆಲ್ಲ ಬರೆಯೋದು ಬೇಡ ಅಂದ್ರು" ಅಂತಾರೆ. ಎಷ್ಟೋ ಸಲ ಅದು ನಿಜವೇ. ಆದರೆ ಏಜೆಂಟ್ ಆಡಿದ ಮಾತು ಫೈಲಲ್ಲಿ ಇರಲ್ಲ, ಗ್ರಾಹಕರ ಸಹಿ ಇರುತ್ತೆ. ಮಾರೋರು ಒಬ್ಬರು, ಬೈಸ್ಕೊಳ್ಳೋರು ಇನ್ನೊಬ್ಬರು. ನನ್ನ ಪ್ರಕಾರ ಈ ಕೆಲಸದಲ್ಲಿ ಮನಸ್ಸಿಗೆ ಕಷ್ಟ ಅನ್ನೋದು ಇದೊಂದೇ, ಉಳಿದದ್ದು ಬರೀ ದಣಿವು.

ಈಗ ಯಾರೋ ಒಬ್ಬರೇ ಕೂತು ಕ್ಲೇಮ್ ತಳ್ಳಿಹಾಕೋ ಹಾಗಿಲ್ಲ, ಪರಿಶೀಲನಾ ಸಮಿತಿ ಒಪ್ಪಬೇಕು. ಸತತ 60 ತಿಂಗಳು ನಡೆದ ಪಾಲಿಸಿಯಲ್ಲಿ, ವಂಚನೆ ಸಾಬೀತಾದರೆ ಹೊರತು, "ಕಾಯಿಲೆ ಮುಚ್ಚಿಟ್ಟಿದ್ರಿ" ಅಂತ ತಕರಾರು ತೆಗೆಯೋ ಹಾಗೂ ಇಲ್ಲ. ಮೊದಲು ಇದು 8 ವರ್ಷ ಇತ್ತು, 2024ರಲ್ಲಿ 5ಕ್ಕೆ ಇಳಿಸಿದರು. ನಮಗೂ ಎಷ್ಟೋ ಹಗುರಾಯ್ತು.

ಖುಷಿಯೂ ಇದೆ. ಕಾಮಾಲೆಯ ಫೈಲ್ ಬರುತ್ತೆ, ನರ್ಸ್ "ಆಗಾಗ ಕುಡೀತಾರೆ" ಅಂತ ಬರೆದಿದ್ದಕ್ಕೆ ಯಾರೋ ಮದ್ಯದ ಕಾಯಿಲೆ ಅಂತ ಬದಿಗಿಟ್ಟಿರ್ತಾರೆ. ಲ್ಯಾಬ್ ರಿಪೋರ್ಟ್ ತಿರುವಿದ್ರೆ ಹೆಪಟೈಟಿಸ್ ಇ ಪಾಸಿಟಿವ್. ಓದಿದ ವಿದ್ಯೆ ಕೆಲಸಕ್ಕೆ ಬರೋದು ಅಲ್ಲಿ.

ಸಂಬಳ ನರ್ಸಿಂಗ್ ಹೋಮಿಗಿಂತ ವಾಸಿ, ಬೆಂಗಳೂರಿನ ಬಾಡಿಗೆ ಕಳೆದು ನೋಡಿ. ಮೇಲೆ ಹೋಗೋ ಆಸೆ ಇದ್ರೆ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾದ ಲೈಸೆನ್ಷಿಯೇಟ್, ಅಸೋಸಿಯೇಟ್ ಪರೀಕ್ಷೆ ಕಟ್ಟಿ.

ಮಾರಾಟ ವಿಭಾಗದಿಂದ: ಮೇಡಂ, ಎಲ್ಲಾ ನಮ್ಮ ತಲೆಗೇ ಕಟ್ಟಬೇಡಿ. ಮಾರ್ಚ್ ಬಂದ್ರೆ ನಮ್ಮ ಮೇಲೆ ಎಷ್ಟು ಒತ್ತಡ ಇರುತ್ತೆ ಗೊತ್ತಾ? ಬಿಪಿ ಬರೆದ್ರೆ ಮೆಡಿಕಲ್ ಟೆಸ್ಟ್, ಟೆಸ್ಟ್ ಅಂದ್ರೆ ಗ್ರಾಹಕರೇ ಹಿಂದೆ ಸರೀತಾರೆ.

ಉತ್ತರ: ಗೊತ್ತು ಸರ್. ಟಾರ್ಗೆಟ್ ಕೊಟ್ಟವರು ಬೇರೆ, ಅದೂ ಒಪ್ತೀನಿ. ಆದ್ರೆ ಬಿಪಿ ಬರೆದಿದ್ರೆ ಹೆಚ್ಚು ಅಂದ್ರೆ 3 ವರ್ಷದ ಕಾಯುವ ಅವಧಿಯಲ್ಲೇ ಮುಗೀತಿತ್ತು, ಆಮೇಲೆ ಆ ಕಾಯಿಲೆಗೂ ಕ್ಲೇಮ್ ಸಿಗ್ತಿತ್ತು. ಬರೆಯದೆ ಹೋದ್ರೆ ಪಾಲಿಸಿಯೇ ರದ್ದಾಗಬಹುದು. ಗ್ರಾಹಕರಿಗೆ ಇದನ್ನ ಹೇಳಿ ನೋಡಿ, ಎಲ್ಲರೂ ಓಡಿಹೋಗಲ್ಲ.

ಇನ್ನೊಬ್ಬರು: ನಮ್ಮ ತಾಯಿಯ ಬಿಲ್ಲಲ್ಲಿ ರೂಮಿನ ಜೊತೆ ಸರ್ಜನ್ ಫೀಸನ್ನೂ ಕತ್ತರಿಸಿದ್ರಿ. ಇದು ಯಾವ ನ್ಯಾಯ?

ಉತ್ತರ: ಪಾಲಿಸಿಯಲ್ಲಿ ರೂಮ್ ಬಾಡಿಗೆ ಮಿತಿ ಇದೆಯಾ ನೋಡಿ. 5 ಲಕ್ಷದ ಪಾಲಿಸಿ, ದಿನಕ್ಕೆ ಶೇ. 1 ಅಂದ್ರೆ 5,000. ನೀವು 8,000ದ ರೂಮ್ ತಗೊಂಡ್ರೆ ಡಾಕ್ಟರ್ ಫೀಸು, ಓಟಿ ಚಾರ್ಜಿಗೂ 8ಕ್ಕೆ 5ರ ಲೆಕ್ಕದಲ್ಲೇ ಕೊಡ್ತಾರೆ. ಔಷಧ, ಇಂಪ್ಲಾಂಟ್, ಲ್ಯಾಬ್ ಟೆಸ್ಟು, ಐಸಿಯು ಚಾರ್ಜಿಗೆ ಈ ಕಡಿತ ಹಾಕೋ ಹಾಗಿಲ್ಲ. ಹಾಕಿದ್ರೆ ಕಂಪನಿಗೆ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ರೆ, ಬಂದ ಉತ್ತರ ಸರಿ ಅನ್ನಿಸದಿದ್ರೂ ಸರಿ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ (ವಿಮೆಯ ದೂರು ವಿಚಾರಿಸೋ ಅಧಿಕಾರಿ) ಕಚೇರಿಗೆ ದೂರು ಕೊಡಿ. 50 ಲಕ್ಷದವರೆಗಿನ ವಿಷಯ ಕೇಳ್ತಾರೆ, ಶುಲ್ಕ ಇಲ್ಲ, ವಕೀಲರೂ ಬೇಡ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಮೇಡಂ. ಮುಂದೆ ಪ್ರಾಕ್ಟೀಸಿಗೆ ವಾಪಸ್ ಬರಬಹುದಾ?

ಉತ್ತರ: ಬರಬಹುದು, ರಿಜಿಸ್ಟ್ರೇಷನ್ ಬಿಡಬೇಡಿ. ಕೈಚಳಕ ಮಾತ್ರ ಬೇಗ ಮರೆಯುತ್ತೆ. ಭಾನುವಾರ ಊರಲ್ಲಿ ಕ್ಲಿನಿಕ್ ನೋಡ್ಕೊಳ್ಳೋ ಯೋಚನೆ ಇದ್ರೆ, ಬೇರೆ ಕೆಲಸ ಮಾಡಬಾರದು ಅನ್ನೋ ಷರತ್ತು ಆಫರ್ ಲೆಟರಲ್ಲಿ ಇದೆಯಾ ಅಂತ ಓದಿಯೇ ಸಹಿ ಹಾಕಿ.